ಮತವೆಣಿಕೆಯ ಕಟ್ಟಳೆಯೂ ಬೀದರ ಜಿಲ್ಲೆಯ ರಾಜಕಾರಣವೂ

2023ರ ಮೇ ತಿಂಗಳಲ್ಲಿ ಕರ್ನಾಟಕದ ಮತದಾರರು ವಿಧಾನಸಭೆಯ 224 ಜಾಗೆಗಳಲ್ಲಿ 135ನ್ನು ಕಾಂಗ್ರೆಸ್ಸಿಗೆ ಒಪ್ಪಿಸಿದರು. ರಾಜ್ಯವೆಲ್ಲ ಒಂದು ದಿಕ್ಕಿಗೆ ಹರಿದ ಆ ಕಾಲದಲ್ಲಿ ಬೀದರ ಜಿಲ್ಲೆಯು ತನ್ನ ಆರು ಜಾಗೆಗಳಲ್ಲಿ ನಾಲ್ಕನ್ನು ಭಾರತೀಯ ಜನತಾ ಪಕ್ಷಕ್ಕೆ ಕೊಟ್ಟಿತು; ಕಾಂಗ್ರೆಸ್ಸಿಗೆ ದಕ್ಕಿದವು ಬೀದರ ನಗರ ಮತ್ತು ಭಾಲ್ಕಿ ಎಂಬ ಎರಡೇ. ಒಂದು ವರುಷ ಕಳೆದು 2024ರ ಲೋಕಸಭಾ ಚುನಾವಣೆ ಬಂದಿತು. ಆಗ ರಾಜ್ಯದ 28 ಜಾಗೆಗಳಲ್ಲಿ ಭಾಜಪವು 17ನ್ನು ಗೆದ್ದು ಮೇಲುಗೈ ಪಡೆಯಿತು. ಬೀದರ ಕ್ಷೇತ್ರವಾದರೋ ಕಾಂಗ್ರೆಸ್ಸಿನ ಸಾಗರ ಖಂಡ್ರೆಯವರನ್ನು 1,28,000ಕ್ಕೂ ಮಿಕ್ಕ ಮತಗಳ ಅಂತರದಿಂದ ಆರಿಸಿ, ಕೇಂದ್ರದಲ್ಲಿ ಮಂತ್ರಿಯಾಗಿದ್ದ ಭಗವಂತ ಖೂಬಾ ಅವರನ್ನು ಸೋಲಿಸಿತು. ಎರಡು ಸಲವೂ ಹೊಳೆಗೆ ಎದುರಾಗಿ ಈಜಿದ ಈ ಮತದಾರನ ಮನಸ್ಸು ಚಂಚಲವೆಂದು ಹೇಳುವವರುಂಟು. ಅವನು ಹಣಕ್ಕೆ ಒಲಿಯುವನೆಂದೂ, ಜಾತಿಗೆ ಮಣಿಯುವನೆಂದೂ ಹೇಳುವವರು ಇನ್ನೂ ಹೆಚ್ಚು. ಮತದಾರನನ್ನು ಬೈಯುವುದಕ್ಕೆ ಮೊದಲು ಅವನ ಮತವನ್ನು ಎಣಿಸುವ ಕಟ್ಟಳೆಯನ್ನು ಒಮ್ಮೆ ಪರಿಶೀಲಿಸಿ ನೋಡುವುದು ನ್ಯಾಯವೆಂದು ನಮಗೆ ತೋರುತ್ತದೆ.

ಆ ಕಟ್ಟಳೆ ಬಲು ಸರಳವಾದುದು. ಒಂದು ಕ್ಷೇತ್ರಕ್ಕೆ ಒಬ್ಬ ಪ್ರತಿನಿಧಿ. ಒಬ್ಬ ಮತದಾರನಿಗೆ ಒಂದು ಮತ. ಉಮೇದುವಾರರ ಪೈಕಿ ಯಾವನಿಗೆ ಉಳಿದ ಯಾರಿಗಿಂತಲೂ ಒಂದು ಮತ ಹೆಚ್ಚು ಬಂದಿತೋ ಅವನೇ ಗೆದ್ದವನು. ಅವನಿಗೆ ಅರ್ಧದಷ್ಟು ಮತ ಬರಬೇಕೆಂಬ ನಿಯಮವಿಲ್ಲ. ಮೂರರಲ್ಲಿ ಒಂದು ಪಾಲು ಬಂದರೂ ಗೆಲವು ಗೆಲವೇ. 2023ರಲ್ಲಿ ಭಾಜಪಕ್ಕೆ ಬಂದ ನಾಲ್ಕು ಜಾಗೆಗಳ ಪೈಕಿ ಬೀದರ ದಕ್ಷಿಣ, ಹುಮನಾಬಾದ ಎಂಬೆರಡರಲ್ಲಿ ಗೆಲವಿನ ಅಂತರ ಎರಡು ಸಾವಿರ ಮತಗಳನ್ನೂ ಮುಟ್ಟಲಿಲ್ಲ. ಆ ಎರಡೂ ಕಡೆಗಳಲ್ಲಿ ಜನತಾದಳದ ಮೂರನೆಯ ಉಮೇದುವಾರನು ಆ ಅಂತರದ ಅನೇಕ ಪಾಲು ಮತಗಳನ್ನು ಸೆಳೆದುಕೊಂಡಿದ್ದನು. 2024ರಲ್ಲಿ ಜನತಾದಳವು ಭಾಜಪದೊಡನೆ ಕೂಡಿದ್ದರಿಂದ ಆ ಮೂರನೆಯವನು ಕಣದಲ್ಲಿರಲಿಲ್ಲ. ಲೋಕಸಭೆಯ ಕಾದಾಟ ಇಬ್ಬರ ನಡುವಣದಾಯಿತು. ಬೀದರ ಲೋಕಸಭಾ ಕ್ಷೇತ್ರದಲ್ಲಿ ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿಗಳೂ ಸೇರಿವೆಯೆಂಬುದನ್ನು ಮರೆಯದೆ ಹೇಳಿದರೂ, ಫಲಿತಾಂಶ ತಲೆಕೆಳಗಾದುದಕ್ಕೆ ಜನರ ಚಾಂಚಲ್ಯವೇ ಕಾರಣವೆನ್ನಲಾಗದು. ಸ್ಪರ್ಧೆಯ ಆಕಾರವೇ ಬೇರೆಯಾಗಿದ್ದಿತು.

ಇನ್ನು ರಾಜ್ಯದ ಲೆಕ್ಕವನ್ನು ನೋಡಿರಿ. 2013ರಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ 36.6ರಷ್ಟು ಮತಗಳು ಬಂದವು, ಜಾಗೆಗಳು 122, ಸರಕಾರ ಅದರದೇ ಆಯಿತು. 2018ರಲ್ಲಿ ಅದೇ ಪಕ್ಷಕ್ಕೆ ನೂರಕ್ಕೆ 38ರಷ್ಟು ಮತಗಳು ಬಂದವು, ಅಂದರೆ ಮೊದಲಿಗಿಂತ ಹೆಚ್ಚು; ಮತದಾನವಾದ 222 ಜಾಗೆಗಳಲ್ಲಿ ಅದಕ್ಕೆ ದೊರೆತವು 78. ನೂರಕ್ಕೆ 36ರಷ್ಟು ಮತ ಪಡೆದ ಭಾಜಪಕ್ಕೆ 104! ಮತ ಏರಿತು, ಜಾಗೆ ಇಳಿಯಿತು. ಇದರ ಗುಟ್ಟು ಗೆದ್ದವರ ಮನೆಯಲ್ಲಿಲ್ಲ, ಸೋತವರ ಮನೆಯಲ್ಲಿದೆ. 2013ರಲ್ಲಿ ಯಡಿಯೂರಪ್ಪನವರು ಭಾಜಪವನ್ನು ಬಿಟ್ಟು ಕರ್ನಾಟಕ ಜನತಾ ಪಕ್ಷವನ್ನು ಕಟ್ಟಿದ್ದರು. ಆ ಪಕ್ಷ ನೂರಕ್ಕೆ ಹತ್ತರ ಹತ್ತಿರ ಮತಗಳನ್ನು ಪಡೆದು ಗೆದ್ದದ್ದು ಆರೇ ಜಾಗೆ. ಎದುರಾಳಿಗಳ ಬಲ ಒಡೆದಾಗ ಮೂರರಲ್ಲೊಂದು ಪಾಲಿನ ಬೆಲೆ ಏರಿತು; ಅವರು ಒಂದಾದಾಗ ಆ ಪಾಲಿನ ಬೆಲೆಯೇ ಇಳಿಯಿತು. 2008ರಲ್ಲಿಯೂ ನೂರಕ್ಕೆ ಒಂದರಷ್ಟು ಹೆಚ್ಚು ಮತ ಪಡೆದ ಕಾಂಗ್ರೆಸ್ಸು 80 ಜಾಗೆಗಳಲ್ಲಿ ನಿಂತು, ಭಾಜಪ 110ಕ್ಕೆ ಏರಿತ್ತು. ಈ ಪದ್ಧತಿಯ ತವರುಮನೆಯಾದ ಇಂಗ್ಲೆಂಡಿನಲ್ಲಿಯೂ ಇದೇ ಸೋಜಿಗ: 2024ರಲ್ಲಿ ಅಲ್ಲಿಯ ಕಾರ್ಮಿಕ ಪಕ್ಷವು ನೂರಕ್ಕೆ 34ರ ಹತ್ತಿರದ ಮತಗಳಿಂದ 650ರಲ್ಲಿ 411 ಜಾಗೆಗಳನ್ನು ಪಡೆಯಿತು.

ಫ್ರಾನ್ಸಿನ ವಿದ್ವಾಂಸ ಮೋರಿಸ್ ದ್ಯುವೆರ್ಜೆ ಎಂಬವರು 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬಗೆಯ ಎಣಿಕೆಯಿರುವ ದೇಶದಲ್ಲಿ ಕ್ರಮೇಣ ಎರಡೇ ಪಕ್ಷಗಳು ಉಳಿಯುತ್ತವೆಂದು ಪ್ರತಿಪಾದಿಸಿದರು. ತನ್ನ ಮತ ವ್ಯರ್ಥವಾದೀತೆಂಬ ಅಂಜಿಕೆಯಿಂದ ಮತದಾರನು ಮೂರನೆಯವನನ್ನು ಕೈಬಿಡುವನೆಂಬುದು ಅವರ ತರ್ಕ. ಆ ಪಂಡಿತರು 2013ರಲ್ಲಿ ಬೀದರಿಗೆ ಬಂದಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದರು. ಆರು ಜಾಗೆಗಳು, ಐದು ಪಕ್ಷಗಳು! ಔರಾದಿನಲ್ಲಿ ಭಾಜಪ, ಭಾಲ್ಕಿ, ಹುಮನಾಬಾದಗಳಲ್ಲಿ ಕಾಂಗ್ರೆಸ್ಸು, ಬೀದರ ನಗರದಲ್ಲಿ ಕರ್ನಾಟಕ ಜನತಾ ಪಕ್ಷ, ಬೀದರ ದಕ್ಷಿಣದಲ್ಲಿ ಕರ್ನಾಟಕ ಮಕ್ಕಳ ಪಕ್ಷ, ಬಸವಕಲ್ಯಾಣದಲ್ಲಿ ಜನತಾದಳ. ಆದರೂ ದ್ಯುವೆರ್ಜೆಯವರ ಮಾತು ಪೂರ್ತಿ ಸುಳ್ಳಾಗಲಿಲ್ಲ. ಒಂದೊಂದು ಕ್ಷೇತ್ರವನ್ನು ಬೇರೆಯಾಗಿ ನೋಡಿದರೆ ಹೆಚ್ಚಿನ ಕಡೆ ನಿಜವಾದ ಹೋರಾಟ ಇಬ್ಬರ ಅಥವಾ ಮೂವರ ನಡುವೆ ಮಾತ್ರ ನಡೆದಿತ್ತು. ಕಟ್ಟಳೆ ಪಕ್ಷಗಳನ್ನು ಬೆಂಗಳೂರಿನಲ್ಲಿ ಸೋಸುವುದಿಲ್ಲ, ತಾಲೂಕಿನಲ್ಲಿ ಸೋಸುತ್ತದೆ. ಆ ಸೋಸುವಿಕೆಯಲ್ಲಿ ಉಳಿಯುವುದು ಯಾವುದು? ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಪಕ್ಷಕ್ಕಿಂತ ಹೆಚ್ಚಾಗಿ ಮನುಷ್ಯನೇ ಉಳಿಯುತ್ತಾನೆ.

ಬೀದರ ನಗರದ ಉದಾಹರಣೆ ಇದಕ್ಕೆ ಸಾಕು. ಗುರುಪಾದಪ್ಪ ನಾಗಮಾರಪಳ್ಳಿಯವರು 2008ರಲ್ಲಿ ಕಾಂಗ್ರೆಸ್ಸಿನ ಪರವಾಗಿ ಇಲ್ಲಿಂದ ಗೆದ್ದರು. 2009ರಲ್ಲಿ ಭಾಜಪದ ಉಮೇದುವಾರರಾಗಿ ಲೋಕಸಭೆಗೆ ನಿಂತು ಸೋತರು. 2013ರಲ್ಲಿ ಕರ್ನಾಟಕ ಜನತಾ ಪಕ್ಷದಿಂದ ಮರಳಿ ವಿಧಾನಸಭೆಗೆ ಬಂದರು. ಐದು ವರುಷಗಳಲ್ಲಿ ಮೂರು ಚಿಹ್ನೆಗಳು! 2015ರಲ್ಲಿ ಅವರು ತೀರಿಕೊಂಡ ಬಳಿಕ ನಡೆದ 2016ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ರಹೀಮ ಖಾನರು ಗೆದ್ದರು. 2018ರಲ್ಲಿ ಗುರುಪಾದಪ್ಪನವರ ಮಗ ಸೂರ್ಯಕಾಂತರು ಭಾಜಪದ ಚಿಹ್ನೆಯಿಂದ ನಿಂತು ಸುಮಾರು ಹತ್ತು ಸಾವಿರ ಮತಗಳಿಂದ ಸೋತರು. 2023ರಲ್ಲಿ ಭಾಜಪ ಅವರಿಗೆ ಜಾಗೆ ಕೊಡಲಿಲ್ಲ, ಜನತಾದಳದಿಂದ ನಿಂತರು, ಮತ್ತೆ ಸೋತದ್ದು ಹತ್ತು ಸಾವಿರದ ಚಿಲ್ಲರೆಯಿಂದಲೇ. ಭಾಜಪದ ಉಮೇದುವಾರರಿಗೆ ಬಂದವು ಹದಿನೇಳು ಹದಿನೆಂಟು ಸಾವಿರ ಮತಗಳು. ರಾಜ್ಯದಲ್ಲಿ ನೂರಕ್ಕೆ 36ರಷ್ಟು ಮತ ಪಡೆದ ಪಕ್ಷದ ಚಿಹ್ನೆ ಈ ನಗರದಲ್ಲಿ ಮೂರನೆಯದಾಯಿತು. ರಾಜ್ಯದಲ್ಲಿ ಮೂರನೆಯದಾದ ಪಕ್ಷದ ಚಿಹ್ನೆ ಎರಡನೆಯದಾಯಿತು. ಮತದಾರರು ಚಿಹ್ನೆಯನ್ನು ನೋಡಲಿಲ್ಲ, ರಹೀಮ ಖಾನರಿಗೆ ಎದುರಾಗಿ ನಿಲ್ಲಬಲ್ಲವನು ಯಾವನೆಂದು ನೋಡಿದರು.

ಲೋಕಸಭೆಯ ಕತೆಯೂ ಅದೇ. ರಾಮಚಂದ್ರ ವೀರಪ್ಪನವರು 1962, 1967ರಲ್ಲಿ ಕಾಂಗ್ರೆಸ್ಸಿನವರಾಗಿ, 1991ರಿಂದ 2004ರ ವರೆಗೆ ಐದು ಸಲ ಭಾಜಪದವರಾಗಿ, ಒಟ್ಟು ಏಳು ಬಾರಿ ಬೀದರಿನಿಂದ ಆರಿಸಿಬಂದರು. ಪಕ್ಷಾಂತರವನ್ನು ನಿಂದಿಸುವುದು ಸುಲಭ. ಒಂದೇ ಮತದ ಅಂತರ ಒಬ್ಬನಿಗೆ ಎಲ್ಲವನ್ನೂ ಕೊಟ್ಟು ಇನ್ನೊಬ್ಬನಿಗೆ ಏನನ್ನೂ ಕೊಡದ ಕಟ್ಟಳೆಯಲ್ಲಿ, ಪಕ್ಷಗಳು ಮತವುಳ್ಳ ಮನುಷ್ಯನನ್ನು ಹುಡುಕಿಕೊಂಡು ಹೋಗುವುದೂ, ಮನುಷ್ಯನು ಬಿಡುವಾದ ಚಿಹ್ನೆಯನ್ನು ಹುಡುಕಿಕೊಂಡು ಹೋಗುವುದೂ ವ್ಯಾಪಾರದಷ್ಟೇ ಸಹಜವಾಗಿ ನಡೆಯುತ್ತವೆ.

ಭಾಲ್ಕಿಯಲ್ಲಿ ಇದು ಒಂದೇ ಮನೆತನದ ಒಳಗಿನ ಕಾಳಗವಾಗಿ ಬೆಳೆದಿದೆ. 1999, 2004ರಲ್ಲಿ ಭಾಜಪದ ಪ್ರಕಾಶ ಖಂಡ್ರೆಯವರು ಗೆದ್ದರೆ, 2008ರಿಂದ ನಾಲ್ಕು ಸಲ ಕಾಂಗ್ರೆಸ್ಸಿನ ಈಶ್ವರ ಖಂಡ್ರೆಯವರು ಗೆದ್ದಿದ್ದಾರೆ. 2013ರ ಫಲಿತಾಂಶ ಮನನ ಮಾಡತಕ್ಕದ್ದು. ಈಶ್ವರ ಖಂಡ್ರೆಯವರಿಗೆ ಎದುರಾಗಿ ಭಾಜಪದಿಂದ ಪ್ರಕಾಶ ಖಂಡ್ರೆ, ಕರ್ನಾಟಕ ಜನತಾ ಪಕ್ಷದಿಂದ ಡಿ. ಕೆ. ಸಿದ್ರಾಮ ನಿಂತಿದ್ದರು. ಗೆಲವಿನ ಅಂತರ ಹತ್ತು ಸಾವಿರದೊಳಗೆ. ಸೋತ ಈ ಇಬ್ಬರ ಮತಗಳನ್ನು ಕೂಡಿಸಿದರೆ ಗೆದ್ದವರ ಮತಗಳನ್ನು ಬಹು ದೂರ ಮೀರಿದ್ದವು. ಎದುರಾಳಿಗಳು ಒಡೆಯದಿದ್ದರೆ ಖಂಡ್ರೆಯವರು ಸೋಲುತ್ತಿದ್ದರೆಂದು ಚಾವಡಿಯ ಲೆಕ್ಕಿಗರು ಆಗಲೇ ಬರೆದಿಟ್ಟರು. 2023ರಲ್ಲಿ ಆ ಒಡಕು ಇರಲಿಲ್ಲ. ಭಾಜಪದ ಪ್ರಕಾಶ ಖಂಡ್ರೆಯವರೊಬ್ಬರೇ ಬಲವಾದ ಎದುರಾಳಿ. ಈಶ್ವರ ಖಂಡ್ರೆಯವರ ಗೆಲವಿನ ಅಂತರ ಇಪ್ಪತ್ತೇಳು ಸಾವಿರವನ್ನು ಮೀರಿತು! ಮತಗಳು ತೊಗರಿಯ ಚೀಲಗಳಲ್ಲ. ಒಂದು ಅಡತಿಯಿಂದ ಹೊತ್ತು ಇನ್ನೊಂದು ಅಡತಿಯಲ್ಲಿ ಇಳಿಸಲು ಬರುವುದಿಲ್ಲ. ತನಗೆ ಒಪ್ಪಿದ ಉಮೇದುವಾರನು ಕಣದಲ್ಲಿಲ್ಲದಾಗ ಮತದಾರನು ಯಜಮಾನರು ತೋರಿಸಿದ ಕಡೆಗೆ ಹೋಗಲೇಬೇಕೆಂದಿಲ್ಲ. 2024ರಲ್ಲಿ ಭಾಜಪ ಜನತಾದಳಗಳ ಕೂಟಕ್ಕೆ ಬೀದರಿನಲ್ಲಿ ಫಲ ದೊರೆಯದಿದ್ದುದೂ ಈ ಕಾರಣದಿಂದಲೇ ಎಂದು ನಾವು ಎಣಿಸುತ್ತೇವೆ. ಹೀಗಿರುವಾಗ, ಮತ ಒಡೆಯುವ ಉಪಾಯವನ್ನೇ ರಾಜನೀತಿಯೆಂದು ತಿಳಿದು ಲೆಕ್ಕ ಹಾಕುವವರು ಅರ್ಧ ಸತ್ಯವನ್ನು ಮಾತ್ರ ಬಲ್ಲವರು.

ಈ ಕಟ್ಟಳೆ ನಮಗೆ ಬಂದ ಬಗೆಯನ್ನೂ ಇಲ್ಲಿ ನೆನೆಯಬೇಕಾಗಿದೆ; ಬೀದರಿನವರು ಇದಕ್ಕಿಂತ ಕೆಟ್ಟುದನ್ನು ಕಂಡವರು. ನಿಜಾಮ ಸಂಸ್ಥಾನದಲ್ಲಿ ಜವಾಬ್ದಾರಿ ಸರಕಾರದ ಕೂಗು ಎದ್ದಾಗ, 1937ರಲ್ಲಿ ನೇಮಕವಾದ ಅರವಮುದು ಅಯ್ಯಂಗಾರ ಸಮಿತಿಯ ಶಿಫಾರಸನ್ನು ಆಧರಿಸಿ 1939ರಲ್ಲಿ ಸುಧಾರಣೆಗಳನ್ನು ಸಾರಲಾಯಿತು. 85 ಮಂದಿಯ ಸಭೆ. ಅದರಲ್ಲಿ ಚುನಾಯಿತರು 42, ಅರ್ಧಕ್ಕೂ ಕಡಮೆ. ಆ ಚುನಾಯಿತರಾದರೂ ಊರುಗಳ ಪ್ರತಿನಿಧಿಗಳಲ್ಲ, ಕಸಬುಗಳ ಪ್ರತಿನಿಧಿಗಳು: ಜಾಗೀರದಾರರು, ಪಟ್ಟೇದಾರರು, ವಕೀಲರು, ವೈದ್ಯರು, ವ್ಯಾಪಾರಿಗಳು, ಪದವೀಧರರು ಎಂದು ಬೇರೆ ಬೇರೆ ಮತದಾರಸಂಘಗಳು. ಸಂಘಗಳು ಹಿಂದೂ ಮುಸಲ್ಮಾನರಿಬ್ಬರಿಗೂ ಜಂಟಿಯಾಗಿದ್ದವೆಂಬುದು ಅದರ ಒಂದು ಗುಣ. ಜನಸಂಖ್ಯೆ ಎಷ್ಟೇ ಇರಲಿ, ಇಬ್ಬರಿಗೂ ಜಾಗೆಗಳು ಸರಿಸಮ ಎಂಬುದು ಅದರ ಬೀಗ. ಯಾವ ಪಕ್ಷವೂ ಇಡೀ ಜನತೆಯ ಮುಂದೆ ನಿಂತು ಬಹುಮತ ಕೇಳಲಾಗದಂತೆ ಆ ಏರ್ಪಾಡನ್ನು ಹೊಸೆದಿದ್ದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು 1938ರಿಂದ 1946ರ ವರೆಗೆ ನಿಷೇಧದಲ್ಲಿಯೇ ಇದ್ದು, ಹೊರಬಂದ ಮೇಲೆ ಅದೇ ಮಾದರಿಯ ಚುನಾವಣೆಯನ್ನು ಬಹಿಷ್ಕರಿಸಿತು. 1948ರ ಸೆಪ್ಟೆಂಬರದ ಪೋಲೀಸ ಕಾರ್ಯಾಚರಣೆಯ ತರುವಾಯವೇ ಭಾಲ್ಕಿಯ ರೈತನಿಗೂ ಬೀದರಿನ ಬಿದರಿ ಕೆಲಸಗಾರನಿಗೂ ಜಾಗೀರದಾರನಿಗಿರುವಷ್ಟೇ ಒಂದು ಮತವೆಂಬ ಮಾತು ನಿಜವಾಗುವ ದಾರಿ ತೆರೆಯಿತು.

1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಕಾಜಿ ಸಯ್ಯದ್ ಕರೀಮುದ್ದೀನರು, ಪಕ್ಷಗಳಿಗೆ ಮತಗಳ ಪ್ರಮಾಣಕ್ಕೆ ತಕ್ಕಷ್ಟು ಜಾಗೆಗಳು ದೊರೆಯುವ ಪದ್ಧತಿ ಬೇಕೆಂದು ವಾದಿಸಿದರು. ಡಾಕ್ಟರ ಅಂಬೇಡಕರರು ಎರಡು ಕಾರಣಗಳಿಂದ ಅದನ್ನು ತಳ್ಳಿಹಾಕಿದರು. ಆ ಪದ್ಧತಿಗೆ ಅಕ್ಷರಸ್ಥ ಮತದಾರರು ಬೇಕು. ಅಲ್ಲದೆ ಅದು ಶಾಸನಸಭೆಯನ್ನು ಚೂರುಚೂರಾಗಿ ಒಡೆದು ಸರಕಾರವನ್ನು ಅಸ್ಥಿರಗೊಳಿಸುತ್ತದೆ. 1952ರ ಮೊದಲ ಚುನಾವಣೆ ಹೀಗಾಗಿ ಸರಳ ಎಣಿಕೆಯಿಂದಲೇ ನಡೆಯಿತು. ಓದಲು ಬಾರದವರಿಗೆ ಅನುಕೂಲವಾಗಲೆಂದು ಪ್ರತಿಯೊಬ್ಬ ಉಮೇದುವಾರನಿಗೂ ಚಿಹ್ನೆ ಹಚ್ಚಿದ ಬೇರೆ ಬೇರೆ ಪೆಟ್ಟಿಗೆ. ಹೈದರಾಬಾದ ವಿಧಾನಸಭೆಯ 175 ಜಾಗೆಗಳಲ್ಲಿ ಕಾಂಗ್ರೆಸ್ಸು ನೂರಕ್ಕೆ 42ರಷ್ಟು ಮತಗಳಿಂದ 93ನ್ನು ಪಡೆಯಿತು. ಅಂದಿನ ಕ್ಷೇತ್ರಗಳಲ್ಲಿ 33 ಇಬ್ಬರನ್ನು ಆರಿಸುವಂಥವು; ಅಲ್ಲಿ ಪರಿಶಿಷ್ಟರಿಗೆ ಮೀಸಲಾದ ಜಾಗೆಯೊಡನೆ ಸಾಮಾನ್ಯ ಜಾಗೆ ಜೋಡಿಯಾಗಿರುತ್ತಿದ್ದಿತು. 1957ರಲ್ಲಿ ಆಂಧ್ರದ ಪಾರ್ವತೀಪುರದಲ್ಲಿ ಎರಡು ಜಾಗೆಗಳನ್ನೂ ಪರಿಶಿಷ್ಟ ವರ್ಗದವರೇ ಗೆದ್ದು, ಮುಂದೆ ರಾಷ್ಟ್ರಪತಿಗಳಾದ ವಿ. ವಿ. ಗಿರಿಯವರು ಸೋತಾಗ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಯಿತು. ಗಿರಿಯವರ ವಾದ ಅಲ್ಲಿ ನಿಲ್ಲಲಿಲ್ಲ. ಆದರೆ 1961ರಲ್ಲಿ ಪಾರ್ಲಿಮೆಂಟು ಜೋಡಿ ಕ್ಷೇತ್ರಗಳನ್ನೇ ರದ್ದುಮಾಡಿತು. ಅಂದಿನಿಂದ ಒಂದು ಕ್ಷೇತ್ರವು ಪೂರ್ತಿ ಮೀಸಲು, ಇಲ್ಲವೆ ಪೂರ್ತಿ ಸಾಮಾನ್ಯ.

ಈ ಕೊನೆಯ ಮಾತಿನ ಪರಿಣಾಮ ಔರಾದಿನಲ್ಲಿ ಕಾಣತಕ್ಕದ್ದು. 2008ರ ವರೆಗೆ ಔರಾದ ಸಾಮಾನ್ಯ ಕ್ಷೇತ್ರ. ಜಿಲ್ಲೆಯ ಮೀಸಲು ಜಾಗೆ ಹುಲಸೂರಿನಲ್ಲಿತ್ತು. 2002ರ ಕಾಯದೆಯಂತೆ ನ್ಯಾಯಮೂರ್ತಿ ಕುಲದೀಪ ಸಿಂಗರ ಆಯೋಗವು ಗೆರೆಗಳನ್ನು ಹೊಸದಾಗಿ ಎಳೆದಾಗ ಹುಲಸೂರ ಕ್ಷೇತ್ರ ಇಲ್ಲವಾಯಿತು. ಬೀದರ ದಕ್ಷಿಣ ಹುಟ್ಟಿತು. ಔರಾದ ಪರಿಶಿಷ್ಟ ಜಾತಿಗಳಿಗೆ ಮೀಸಲಾಯಿತು. ಔರಾದನ್ನು ಹಿಂದೆ ಪ್ರತಿನಿಧಿಸಿದ್ದ ನಾಗಮಾರಪಳ್ಳಿಯವರು ಬೀದರ ನಗರಕ್ಕೆ ಬಂದುದು ಈ ಗೆರೆಯ ಫಲ. ಲೋಕಸಭೆಯಲ್ಲಿಯೂ ಹಾಗೆಯೇ: ಮೀಸಲಾಗಿದ್ದ ಬೀದರ ಸಾಮಾನ್ಯವಾಯಿತು, ಸಾಮಾನ್ಯವಾಗಿದ್ದ ಗುಲಬರ್ಗಾ ಮೀಸಲಾಯಿತು, 2009ರಲ್ಲಿ ಧರ್ಮಸಿಂಗರು ಬೀದರಿಗೆ ಬಂದರು, ಮಲ್ಲಿಕಾರ್ಜುನ ಖರ್ಗೆಯವರು ಗುಲಬರ್ಗಾದಿಂದ ದಿಲ್ಲಿಗೆ ಹೋದರು. ಎಷ್ಟೋ ಸಭೆಗಳಿಂದಲೂ ಭಾಷಣಗಳಿಂದಲೂ ಆಗದ ಸ್ಥಾನಪಲ್ಲಟ ಒಂದು ನಕಾಶೆಯಿಂದ ಆಯಿತು.

ಮೀಸಲಾದ ಔರಾದಿನಿಂದ 2008ರಿಂದ 2023ರ ವರೆಗಿನ ನಾಲ್ಕೂ ಚುನಾವಣೆಗಳಲ್ಲಿ ಗೆದ್ದವರು ಲಂಬಾಣಿ ಸಮಾಜದ, ಭಾಜಪದ ಪ್ರಭು ಚವ್ಹಾಣರು. ಗಡಿಯ ತಾಲೂಕಿನ ಒಂದು ವೈಚಿತ್ರ್ಯವನ್ನು ಇಲ್ಲಿ ಹೇಳದೆ ಬಿಡಲಾಗದು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿ ದಾಟಿ ಮಹಾರಾಷ್ಟ್ರದ ದೇಗಲೂರಿಗೆ ಹೋದರೆ ವಿಮುಕ್ತ ಜಾತಿ. ತೆಲಂಗಾಣದ ನಾರಾಯಣಖೇಡಕ್ಕೆ ಹೋದರೆ ಪರಿಶಿಷ್ಟ ಪಂಗಡ. ದೇಗಲೂರೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರವೇ. ಆದರೆ ಔರಾದಿನ ತಾಂಡೆಯವನಿಗೆ ಇರುವ ಹಕ್ಕು ಅಲ್ಲಿಯ ತಾಂಡೆಯ ಅವನ ಬೀಗನಿಗಿಲ್ಲ. ಮೀಸಲು ಕ್ಷೇತ್ರದಲ್ಲಿ ನಿಲ್ಲತಕ್ಕವರು ಪರಿಶಿಷ್ಟರು ಮಾತ್ರ, ಮತ ಹಾಕತಕ್ಕವರು ಎಲ್ಲರೂ. 1932ರ ಪುಣೆಯ ಒಪ್ಪಂದದಿಂದ ಬಂದ ಈ ಏರ್ಪಾಡು ಸಮಾಜವನ್ನು ಪ್ರತ್ಯೇಕ ಮತಪೆಟ್ಟಿಗೆಗಳಾಗಿ ಒಡೆಯದಂತೆ ಕಾಯ್ದಿತೆಂಬುದು ದೊಡ್ಡ ಲಾಭ. ಪರಿಶಿಷ್ಟರ ಪ್ರತಿನಿಧಿಯು ಇತರರ ಮೆಚ್ಚುಗೆಯಿಲ್ಲದೆ ಗೆಲ್ಲಲಾರನೆಂಬುದು ಅದಕ್ಕೆ ತೆತ್ತ ಬೆಲೆ. ಅಂಬೇಡಕರರು ಕೊನೆಯ ವರೆಗೂ ಮರೆಯದ ಬೆಲೆ.

ಹಾಗಾದರೆ ಕಟ್ಟಳೆಯನ್ನು ಬದಲಿಸಬೇಕೆ? ಪ್ರಮಾಣಾನುಸಾರ ಪದ್ಧತಿಯನ್ನು ಇಡಿಯಾಗಿ ತರಬೇಕೆಂಬವರೊಡನೆ ನಾವು ಒಪ್ಪಲಾರೆವು. ಇಸ್ರೇಲಿನಂತೆ ದೇಶವೆಲ್ಲ ಒಂದೇ ಕ್ಷೇತ್ರವಾದರೆ ಔರಾದಿನ ಕೆರೆಯೊಡೆದಾಗ ಕೇಳತಕ್ಕ ಮನುಷ್ಯನು ಯಾವನು? ಉಮೇದುವಾರರ ಯಾದಿ ತಯಾರಾಗುವುದು ಪಕ್ಷದ ಕಚೇರಿಯಲ್ಲಿ. ಈಗಲೇ ಬೀದರಿನ ಜಾಗೆಗೆ ದಿಲ್ಲಿಯ ಬಾಗಿಲು ಕಾಯುವವರು ಆಗ ಅಲ್ಲಿಯೇ ಮನೆ ಮಾಡಿಯಾರು. 1999ರಲ್ಲಿ ಕಾಯದೆ ಆಯೋಗವು ಈಗಿರುವ ಜಾಗೆಗಳ ಮೇಲೆ ನಾಲ್ಕರಲ್ಲೊಂದು ಪಾಲು ಜಾಗೆಗಳನ್ನು ಪ್ರಮಾಣಾನುಸಾರ ಕೂಡಿಸಬಹುದೆಂದು ಸೂಚಿಸಿತ್ತು. ನ್ಯೂಜಿಲಂಡು 1993ರ ಜನಮತದಿಂದ ಇಂತಹ ಮಿಶ್ರ ಪದ್ಧತಿಗೆ ಹೋಯಿತು. ಇದು ವಿಚಾರಾರ್ಹ.

ಇದಕ್ಕಿಂತ ಹತ್ತಿರದ ಮಾದರಿ ನಮ್ಮ ಓದುಗರ ಕೈಯಲ್ಲಿಯೇ ಇದೆ. ಬೀದರಿನ ಪದವೀಧರರಾದ ವಕೀಲರು, ಉಪಾಧ್ಯಾಯರು, ಅಧಿಕಾರಿಗಳು ವಿಧಾನ ಪರಿಷತ್ತಿನ ಈಶಾನ್ಯ ಪದವೀಧರರ ಕ್ಷೇತ್ರದಲ್ಲಿ ಮತಪತ್ರದ ಮೇಲೆ 1, 2, 3 ಎಂದು ತಮ್ಮ ಇಷ್ಟದ ಕ್ರಮವನ್ನು ಬರೆಯುತ್ತಾರೆ. ಅಲ್ಲಿ ಒಬ್ಬನಿಗೂ ಅರ್ಧ ದಾಟದಿದ್ದರೆ ಕೊನೆಯವನನ್ನು ತೆಗೆದು ಅವನ ಮತಗಳನ್ನು ಎರಡನೆಯ ಇಷ್ಟದಂತೆ ಹಂಚುತ್ತಾರೆ. ಪದವೀಧರನಿಗೆ ಈ ವಿವೇಕವುಂಟು, ರೈತನಿಗಿಲ್ಲ ಎಂಬ ಭೇದಕ್ಕೆ ಇಂದು ಯಾವ ಆಧಾರವಿದೆ? 2011ರ ಗಣತಿಯಲ್ಲಿಯೇ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ ಎಪ್ಪತ್ತರಷ್ಟಿದ್ದರು. ಗ್ರಾಮ ಪಂಚಾಯತಿಯ ವಾರ್ಡಿನಲ್ಲಿ ಎಷ್ಟು ಜಾಗೆಗಳೋ ಅಷ್ಟು ಮತಗಳನ್ನು ಹಳ್ಳಿಯವನು ಹಾಕುತ್ತ ಬಂದಿದ್ದಾನೆ. 2020ರಲ್ಲಿ ಉಳಿದ ಜಿಲ್ಲೆಗಳು ಕಾಗದಕ್ಕೆ ಮುದ್ರೆ ಒತ್ತುತ್ತಿದ್ದಾಗ ಬೀದರ ಜಿಲ್ಲೆಯ ಹಳ್ಳಿಗಳು ಆ ಕೆಲಸವನ್ನು ಯಂತ್ರದಲ್ಲಿಯೇ ಮಾಡಿ ಮುಗಿಸಿದವು. ಅಂಬೇಡಕರರ ಮೊದಲನೆಯ ಆಕ್ಷೇಪಣೆಗೆ ಇದು ಉತ್ತರವಾದೀತು; ಎರಡನೆಯದಕ್ಕೆ, ಅಂದರೆ ಸರಕಾರದ ಸ್ಥಿರತೆಗೆ, ಒಂದೇ ಜಾಗೆಯ ಕ್ಷೇತ್ರಗಳನ್ನು ಉಳಿಸಿಕೊಂಡರೆ ಹೆಚ್ಚಿನ ಅಪಾಯವಿಲ್ಲ. ಆದರೆ ಈ ಪದ್ಧತಿಯಿಂದ ಎಲ್ಲವೂ ಮಾರ್ಪಡುವುದೆಂದು ಭ್ರಮಿಸಬಾರದು. 2023ರ ಬೀದರ ನಗರದಲ್ಲಿ ಮೂರನೆಯವರ ಮತಗಳನ್ನು ಹಂಚಿದ್ದರೆ ಫಲ ಬದಲಾಗುವುದಕ್ಕೆ ಆ ಮತಗಳ ಐದರಲ್ಲಿ ನಾಲ್ಕು ಪಾಲು ಒಂದೇ ಕಡೆಗೆ ಹೋಗಬೇಕಾಗಿತ್ತು. ಗೆದ್ದವನು ಅವನೇ ಆದರೂ, ಅರ್ಧಕ್ಕೆ ಮಿಕ್ಕವರ ಒಪ್ಪಿಗೆಯಿಂದ ಗೆದ್ದನೆಂಬುದು ಸಣ್ಣ ಮಾತಲ್ಲ.

ಕಾಯದೆಯ ಈ ತಿದ್ದುಪಡಿ ಬರುವುದಾದರೆ ಬಹುಕಾಲ ಹಿಡಿದೀತು. ಏಕೆಂದರೆ ಅದನ್ನು ಮಾಡತಕ್ಕವರು ಈಗಿನ ಕಟ್ಟಳೆಯಿಂದಲೇ ಗೆದ್ದುಬಂದವರು. ಅದಕ್ಕಿಂತ ಬೇಗ ಬರತಕ್ಕುದು ಗೆರೆಗಳ ಪ್ರಶ್ನೆ. ಸಂವಿಧಾನದ 84ನೆಯ ತಿದ್ದುಪಡಿಯು ಜಾಗೆಗಳ ಹಂಚಿಕೆಯನ್ನು 2026ರ ತರುವಾಯದ ಮೊದಲ ಜನಗಣತಿಯ ವರೆಗೆ ತಡೆದಿಟ್ಟಿತು. 2023ರ 106ನೆಯ ತಿದ್ದುಪಡಿಯು ಸ್ತ್ರೀಯರಿಗೆ ಮೂರರಲ್ಲೊಂದು ಪಾಲು ಜಾಗೆಗಳನ್ನು ಮೀಸಲಿಟ್ಟು, ಅದನ್ನು ಗಣತಿಗೂ ಪುನರ್ವಿಂಗಡಣೆಗೂ ಜೋಡಿಸಿತು. ಈ ಕ್ರಮ ನಡೆದಾಗ ಜಿಲ್ಲೆಯ ಆರರಲ್ಲಿ ಎರಡು ಜಾಗೆಗಳು ಸ್ತ್ರೀಯರ ಪಾಲಿಗೆ ಬಂದರೆ ಅಚ್ಚರಿಯಿಲ್ಲ. ಭಾಲ್ಕಿಯ ಮನೆತನ ಎಲ್ಲಿಗೆ ಹೋದೀತು, ಔರಾದಿನ ಮೀಸಲು ಉಳಿದೀತೇ, ಹೊಸ ತಾಲೂಕುಗಳಾದ ಹುಲಸೂರ, ಕಮಲನಗರ, ಚಿಟಗುಪ್ಪಗಳು ಯಾವ ಕ್ಷೇತ್ರಕ್ಕೆ ಸೇರಿಯಾವು ಎಂಬುದೆಲ್ಲ ಆ ನಕಾಶೆಯ ಮೇಲೆ ನಿಂತಿದೆ. 2002ರ ಕಾಯದೆಯಲ್ಲಿ ಆಯೋಗಕ್ಕೆ ನೆರವಾಗಲು ರಾಜ್ಯದಿಂದ ಐವರು ಲೋಕಸಭಾ ಸದಸ್ಯರೂ ಐವರು ಶಾಸಕರೂ ಇದ್ದರು. ಅವರಿಗೆ ಮತವಿರಲಿಲ್ಲ, ಮಾತು ಮಾತ್ರ ಇದ್ದಿತು. ಕರಡು ಪ್ರಕಟವಾದ ಮೇಲೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಿ ಬಹಿರಂಗ ಸಭೆ ನಡೆಸಬೇಕೆಂದು ಆ ಕಾಯದೆಯಲ್ಲಿಯೇ ಇತ್ತು; ಕೊನೆಯ ಆಜ್ಞೆ ಹೊರಟ ಬಳಿಕ ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶ ಅತ್ಯಲ್ಪ. ಪರಿಶಿಷ್ಟರ ಪ್ರಮಾಣ ಹೆಚ್ಚಿರುವ ಕಡೆ, ಅದೂ ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ, ಮೀಸಲು ಜಾಗೆ ಇರತಕ್ಕದ್ದೆಂಬುದು ಅಲ್ಲಿಯ ನಿಯಮ. ಬೀದರ, ಭಾಲ್ಕಿ, ಔರಾದಗಳ ವಕೀಲರ ಸಂಘಗಳೂ ನಿವೃತ್ತ ಕಂದಾಯ ಅಧಿಕಾರಿಗಳೂ ಹೊಸ ಗಣತಿಯ ಗ್ರಾಮವಾರು ಅಂಕಿಗಳು ಕೈಗೆ ಬಂದ ಕೂಡಲೇ ತಾಲೂಕಿನ ನಕಾಶೆಯನ್ನು ಎದುರಿಗಿಟ್ಟುಕೊಂಡು ಲೆಕ್ಕಕ್ಕೆ ಕೂತುಕೊಳ್ಳಬೇಕು. ಕರಡಿಗೆ ಆಕ್ಷೇಪಣೆ ಸಲ್ಲಿಸಲು ಕೊಡುವ ಅವಧಿ ವಾರಗಳದು, ಅದರ ಫಲ ಉಳಿಯುವುದು ಮುಂದಿನ ಪುನರ್ವಿಂಗಡಣೆಯ ವರೆಗೆ.